ಹದಿನೇಳನೆಯ ಮಾತು

"ಹುಂಜಾನೂ ಆಚೆ ಹಾಕ್ರೇ," ಎಂದು ಕೌಶಿಲಾ ಅಂಗಳದ ತುದಿಯಿಂದ ಕೂಗಿದಳು. "ಗಂಡು ಅಂತ ಒಂದು ನೊಣಾನೂ ಈ ಮನೇಲಿ ಉಳೀಬಾರ್ದು."

ಹುಂಜದ ಕಾಲು ಕಟ್ಟಿ ಪಕ್ಕದ ಮನೆಗೆ ಸಾಗಿಸಿದರು. ಕೊಟ್ಟಿಗೆಯ ಹೋತವನ್ನು ಗದ್ದೆಯಾಚೆಗೆ ಎಳೆದುಕೊಂಡು ಹೋದರು. ನಡುಮನೆಯ ಗೋಡೆಯ ಮೇಲೆ, ಪಲ್ಟನ್ನಿನಲ್ಲಿ ಸವೆದು ಸತ್ತ ತಾತನ ಫೋಟೋ ಇತ್ತು. ಅದನ್ನೂ ಗೋಡೆಗೆ ಮುಖ ಮಾಡಿ ತಿರುಗಿಸಿದರು. ತಾತ ಬದುಕಿದ್ದಾಗಲೂ ಹೆಂಗಸರ ಮಾತಿಗೆ ಬೆನ್ನು ತೋರಿಸಿಯೇ ಇದ್ದವನು. ಅವನಿಗೇನೂ ಹೊಸತಾಗಲಿಲ್ಲ.

ಅಂಗಳದಲ್ಲಿ ದಿಬ್ಬಣ ಹೊರಡಲು ಸಜ್ಜಾಗುತ್ತಿತ್ತು. ನದಿಯಾಚೆಯ ಗುಡ್ಡದಿಂದ ಹೆಣ್ಣು ತರಬೇಕು. ಬೆಳಿಗ್ಗೆ ಹೋದರೆ ಕತ್ತಲಾಗುವ ಮುಂಚೆ ತಿರುಗಬಹುದು. ಊರಿನ ಗಂಡಸರೆಲ್ಲ ಟೋಪಿ ಇಟ್ಟು ಕೋಟು ತೊಟ್ಟು ನಿಂತಿದ್ದರು. ನಡೆಯಲಾರದ ಮುದುಕರನ್ನೂ ಬಿದಿರು ಬುಟ್ಟಿಯಲ್ಲಿ ಕೂರಿಸಿ ಬೆನ್ನ ಮೇಲೆ ಹೊತ್ತಾಗಿತ್ತು. ಅವರು ಹೋದ ಮೇಲೆ ವರನ ಮನೆಯಲ್ಲಿ ಹೆಂಗಸರ ರತ್ಯೌಲಿ. ಹಾಡು, ಕುಣಿತ, ಗಂಡುವೇಷ, ಬಾಯಿಗೆ ಬಂದ ಪೋಲಿ ಮಾತು. ಇದು ಎಲ್ಲ ಗಂಡಸರಿಗೂ ಗೊತ್ತು. ಯಾವ ಗಂಡಸೂ ನೋಡಿಲ್ಲ.

"ಹುಂಜಕ್ಕೆ ಏನಾಗತ್ತೆ ಅತ್ತೆ?" ಎಂದು ಹಿಕ್ಮತ್ ನಕ್ಕ. "ರತ್ಯೌಲಿ ನೋಡಿದ್ರೆ ಮೊಟ್ಟೆ ಇಡತ್ತಾ?"

ಸುತ್ತಲಿದ್ದವರು ನಕ್ಕರು. ಕೌಶಿಲಾ ನಗಲಿಲ್ಲ. ಅವಳು ಹಿಕ್ಮತನ ಹೆಂಡತಿಯ ದೊಡ್ಡಮ್ಮ; ಮದುಮಗ ಆ ಹೆಂಡತಿಯ ತಮ್ಮ. ಎಪ್ಪತ್ತರ ಹತ್ತಿರದವಳು, ಮೂಗಿನ ಬುಲಾಕು ತುಟಿಯ ಮೇಲೆ ತೂಗುತ್ತಿತ್ತು.

"ಅಳಿಯಂದಿರೇ, ಬೇರೆ ಊರಲ್ಲಿ ಹಾಡಿ ಕುಣಿದು ಮುಗಿಸ್ತಾರೆ. ನಮ್ಮಲ್ಲಿ ಹಾಗಲ್ಲ. ಮದುವೆಯಾದ ಪ್ರತಿಯೊಬ್ಬಳೂ ಠೇಕಿಗೆ, ಮೊಸರಿನ ಮರದ ಗಡಿಗೆಗೆ, ಒಂದು ಮಾತು ಹಾಕ್ತಾಳೆ. ಗಂಡನಿಗೆ ಹೇಳದೆ ನುಂಗಿಕೊಂಡ ಮಾತು. ಆಮೇಲೆ ಅದರ ಬಾಯಿ ಮೆತ್ತಿ ಹೊಳೆಗೆ ಬಿಡ್ತೀವಿ. ಮನೇಲಿ ಗಂಡಸಿನ ಉಸಿರಿದ್ರೆ ಮಾತು ಮರದೊಳಗೆ ಇಳಿಯಲ್ಲ. ಆ ಉಸಿರು ಹುಡುಕ್ಕೊಂಡು ಹೋಗಿ ಅವನೊಳಗೆ ಇಳಿಯತ್ತೆ."

"ಇಳಿದ್ರೆ ಏನಂತೆ?"

"ಇಳಿದಿದ್ದು ಸುಮ್ನೆ ಕೂರಲ್ಲ. ಹೊರಗೆ ಬರತ್ತೆ."

"ಅತ್ತೆ, ಇದನ್ನ ಇನ್ನೊಂದ್ಸಲ ಹೇಳಿ. ಮುಂದಿನ ತರಬೇತೀಲಿ ಮೂಢನಂಬಿಕೆ ಪಾಠಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ಸಿಕ್ಕಲ್ಲ."

"ಕೊಡಿ ಅಪ್ಪಾ, ಉದಾಹರಣೆ ಕೊಡಿ. ನೀವೇ ಉದಾಹರಣೆ ಆಗಬೇಡಿ, ಅಷ್ಟೆ."

ಹಿಕ್ಮತನ ಕೆಲಸವೇ ಅದು. ಜಿಲ್ಲಾ ಕೇಂದ್ರದ ಒಂದು ಸಂಸ್ಥೆಯ ಪರವಾಗಿ ಊರೂರು ತಿರುಗಿ, ಮಾಟವಿಲ್ಲ, ಮಂತ್ರವಿಲ್ಲ, ಬೊಕ್ಸಿ ಎಂಬ ಮಾಟಗಾತಿ ಹುಟ್ಟಿಯೇ ಇಲ್ಲ ಎಂದು ಮೈಕು ಹಿಡಿದು ಹೇಳುವುದು. ಚೆನ್ನಾಗಿಯೇ ಹೇಳುತ್ತಿದ್ದ. ಎರಡು ವರ್ಷದ ಹಿಂದೆ, ವಿಧವೆಯೊಬ್ಬಳನ್ನು ಬೊಕ್ಸಿಯೆಂದು ಹಿಡಿದು ಹೇಲು ತಿನ್ನಿಸಲು ಹೊರಟಿದ್ದ ಗುಂಪಿನೆದುರು ಒಬ್ಬನೇ ನಿಂತು ಅವಳನ್ನು ಬಿಡಿಸಿದ್ದ. ಪತ್ರಿಕೆಯಲ್ಲಿ ಫೋಟೋ ಬಂದಿತ್ತು. ಆ ಫೋಟೋಗೆ ಚೌಕಟ್ಟು ಹಾಕಿಸಿದವಳು ಅವನ ಹೆಂಡತಿ ಧನಸರಾ.

ಧನಸರಾ ಬಾಗಿಲಲ್ಲಿ ಕೂತು ಶುಂಠಿ ಕೆರೆಯುತ್ತಿದ್ದಳು. ತಲೆ ಎತ್ತಲಿಲ್ಲ.

ಹಿಕ್ಮತನ ತಲೆಯಲ್ಲಿದ್ದದ್ದು ಹುಂಜವೂ ಅಲ್ಲ, ಠೇಕಿಯೂ ಅಲ್ಲ. ಒಂದು ಹೆಸರು. ಇನ್ನೂ ಸಿಕ್ಕಿರದ ಹೆಸರು. ಮದುವೆಯಾಗಿ ಏಳು ವರ್ಷ. ಕಳೆದ ದಶೈಂ ಹಬ್ಬದ ರಜೆಯಲ್ಲಿ ಒಂದು ರಾತ್ರಿ, ದೀಪ ಆರಿಸಿದ ಮೇಲೆ, ಅವಳು ಅವನ ಕೈ ಹಿಡಿದು ತನಗೆ ಬೇಕಾದ ಕಡೆ ಇಟ್ಟುಕೊಂಡಳು. "ಇಲ್ಲಿ," ಎಂದಳು. "ಸ್ವಲ್ಪ ನಿಧಾನ." ಅಷ್ಟೆ. ಹಿಕ್ಮತ್ ಕೈ ಎಳೆದುಕೊಂಡ. ಎದ್ದು ಕೂತ. ದೀಪ ಹಾಕಿದ. "ಇದನ್ನ ನಿನಗೆ ಯಾರು ಕಲಿಸಿದ್ದು?" ಎಂದು ಕೇಳಿದ. ಬೆಳಗಿನವರೆಗೂ ಕೇಳಿದ. ದನಿ ಏರಿಸದೆ, ಕೈ ಎತ್ತದೆ, ತರಬೇತಿಯಲ್ಲಿ ಕೇಳುವ ಕ್ರಮದಲ್ಲೇ ಕೇಳಿದ. ಆ ಸಂಯಮದ ಬಗ್ಗೆ ಅವನಿಗೆ ಹೆಮ್ಮೆಯೂ ಇತ್ತು. ಅವಳು ಹೇಳಲಿಲ್ಲ. ಅಂದಿನಿಂದ ಹಾಸಿಗೆಯಲ್ಲಿ ಅವಳ ಬಾಯಿಂದ ಒಂದು ನಿಟ್ಟುಸಿರೂ ಬಂದಿಲ್ಲ. ತಿಂಗಳುಗಟ್ಟಲೆ ಅವನು ಲೆಕ್ಕ ಹಾಕಿದ: ಸಿಲಿಂಡರ್ ಹೊತ್ತು ತರುವವನೋ, ಎದುರುಮನೆಯ ಗಣಿತದ ಮೇಷ್ಟ್ರೋ, ಮದುವೆಗೆ ಮುಂಚಿನ ಯಾವನೋ. ಯಾರೂ ಕಲಿಸದೆ ಹೆಂಗಸಿಗೆ ತಾನಾಗಿ ಗೊತ್ತಿರುವುದುಂಟೆ? ಮಾಟವಿಲ್ಲವೆಂದು ಇಡೀ ಜಿಲ್ಲೆಯನ್ನು ಒಪ್ಪಿಸಿದವನಿಗೆ ಇದೊಂದನ್ನು ತನಗೆ ತಾನೇ ಒಪ್ಪಿಸಿಕೊಳ್ಳಲು ಆಗಲಿಲ್ಲ.

ಇವತ್ತು ಅವಳು ಠೇಕಿಗೆ ಮಾತು ಹಾಕುತ್ತಾಳೆ. ಆ ಹೆಸರು ಅಲ್ಲಿ ಬಂದೇ ಬರಬೇಕು.

ತೂಗುಸೇತುವೆಯ ಹತ್ತಿರ ಅವನು ಹೊಟ್ಟೆ ಹಿಡಿದುಕೊಂಡು ಕೂತ.

"ಪೇಟೆ ಹೊಟ್ಟೆ," ಎಂದ ಗೋರೆ. ಮಲೇಷ್ಯಾದಿಂದ ಹದಿನೈದು ದಿನದ ಹಿಂದೆ ಬಂದಿದ್ದ, ಹೊಸ ಕೋಟಿನವನು. "ಹೋತದ ಕೊಬ್ಬು ತಡೆಯಲ್ಲ. ನೀವು ಬಿಸ್ಕತ್ತು ತಿಂದಿರ್ಬೇಕಿತ್ತು ಭಾವ."

"ಕೆಳಗಿನ ಅಂಗಡೀಲಿ ಮಲಗಿರಿ," ಎಂದರು ವಾರ್ಡ್ ಅಧ್ಯಕ್ಷರು. "ಊರೊಳಗೆ ಮಾತ್ರ ಹೋಗ್ಬೇಡಿ. ಹೆಂಗಸರು ಇವತ್ತು ಗಂಡಸು ಸಿಕ್ಕಿದ್ರೆ ಚಡ್ಡಿ ಬಿಚ್ಚಿ ಕಳಿಸ್ತಾರೆ."

ಎಲ್ಲರೂ ನಕ್ಕರು. ಡೋಲು, ಸನಾಯಿ, ಕೆಮ್ಮು, ಬೀಡಿ ಹೊಗೆ, ಎಲ್ಲ ಸೇತುವೆ ದಾಟಿ ಮಂಜಿನೊಳಗೆ ಹೋದವು. ಮಾಘದ ಮಂಜು. ನದಿಯಿಂದ ಎದ್ದು ಗುಡ್ಡದ ಅರ್ಧದವರೆಗೆ ತುಂಬಿ, ನಡು ಮಧ್ಯಾಹ್ನವನ್ನೂ ಹಾಲು ಚೆಲ್ಲಿದ ಕತ್ತಲೆಯಾಗಿ ಮಾಡುವ ಮಂಜು. ಹಿಕ್ಮತ್ ಬದುವಿನ ಹಿಂದಿನಿಂದ ಹತ್ತಿ, ಕೊಟ್ಟಿಗೆಯ ಹುಲ್ಲಿನ ಮರೆಯಲ್ಲಿ ಸಾಗಿ, ಹಿಂಬದಿಯ ಏಣಿಯಿಂದ ಮಾವನ ಮನೆಯ ಅಟ್ಟ ಸೇರಿದ.

ಅಟ್ಟದಲ್ಲಿ ಜೋಳದ ತೆನೆಗಳು ಜಡೆ ಕಟ್ಟಿ ತೂಗುತ್ತಿದ್ದವು. ಇಲಿ ಹಿಕ್ಕೆಯ ವಾಸನೆ, ಹಳೆಯ ಹೊಗೆಯ ವಾಸನೆ, ಒಣಗಿದ ಮೂಲಂಗಿಯ ಕಟು ವಾಸನೆ. ಅವನು ಹೊಟ್ಟೆಯ ಮೇಲೆ ಮಲಗಿ, ಹಲಗೆಗಳ ಸಂದಿಗೆ ಕಣ್ಣಿಟ್ಟ. ಕೆಳಗೆ ಕಿಟಕಿಗಳಿಗೆ ಕಂಬಳಿ ಹೊದಿಸುತ್ತಿದ್ದರು. ಬಾಗಿಲಿಗೆ ಅಗುಳಿ ಬಿತ್ತು. ಒಲೆಯ ಕೆಂಡ ಬಿಟ್ಟರೆ ಬೆಳಕಿಲ್ಲ.

ಮೊದಮೊದಲು ಅವನಿಗೆ ನಗು ತಡೆಯಲಾಗಲಿಲ್ಲ. ಅಧ್ಯಕ್ಷರ ಹೆಂಡತಿ ಉಜೇಲಿ ಗಂಡನ ಕೋಟನ್ನೇ ತೊಟ್ಟು, ಮಸಿಯ ಮೀಸೆ ಬರೆದುಕೊಂಡು, ಸೊಂಟಕ್ಕೆ ಒನಕೆ ಕಟ್ಟಿಕೊಂಡು ಬಂದಿದ್ದಳು. ಗಂಡನ ಹಾಗೆಯೇ ಗಂಟಲು ಸರಿಮಾಡಿಕೊಂಡಳು. "ಈ ವಾರ್ಡಿನ ಅಭಿವೃದ್ಧಿಗೆ ನಾನು ಬದ್ಧನಾಗಿದ್ದೇನೆ," ಎಂದು ಎರಡು ಹೆಜ್ಜೆ ಹಾಕಿದವಳೇ ದೊಪ್ಪನೆ ಬಿದ್ದು ಗೊರಕೆ ಹೊಡೆದಳು. ರಾಗಿ ಸಾರಾಯಿಯ ಬಟ್ಟಲು ಕೈಯಿಂದ ಕೈಗೆ ಹೋಗುತ್ತಿತ್ತು. ಹದಿನೇಳು ಹೆಂಗಸರ ಬೆವರು, ಸಾಸಿವೆ ಎಣ್ಣೆ, ಸಾರಾಯಿಯ ಹುಳಿ ಬೆಚ್ಚಗೆ ಮೇಲೇರಿತು. ಮದ್ದಳೆ ಶುರುವಾಯಿತು.

ಹನ್ನೆರಡಾಳಿನ ಅನ್ನ ಉಂಡು ಗದ್ದೆ ಉಳ್ತಾನಂತೆ,
ನಾಕು ಸಾಲು ಮುಗಿಯೋದ್ರೊಳಗೆ ಎತ್ತು ಮಲಗ್ತಂತೆ!

ಡೋಲು ಹೋಯ್ತು ಗುಡ್ಡದಾಚೆ ಊರೆಲ್ಲ ಬಡ್ಕೊಂಡು,
ಮನೆಯ ಡೋಲು ಮೂಲೇಲಿತ್ತು ಧೂಳು ಹಿಡ್ಕೊಂಡು!

ಅವನ ಅತ್ತೆ, ಅವನ ಮುಂದೆ ಎಂದೂ ಮುಸುಕು ಸರಿಸದ ಅತ್ತೆ, ತೊಡೆ ತಟ್ಟಿಕೊಂಡು ನಗುತ್ತಿದ್ದಳು. ಧನಸರಾ ಕೂಡ ಕುಣಿದಳು. ಅವಳ ಸೊಂಟ ಹಾಗೆ ತಿರುಗುವುದನ್ನು ಹಿಕ್ಮತ್ ಏಳು ವರ್ಷದಲ್ಲಿ ನೋಡಿರಲಿಲ್ಲ. ಅವನ ನಗು ನಿಂತಿತು. ನೋಡು, ಎಂದುಕೊಂಡ. ಇದನ್ನೂ ಯಾರೋ ಕಲಿಸಿದ್ದಾರೆ.

ಮದ್ದಳೆ ಒಮ್ಮೆಲೇ ನಿಂತಿತು.

ಕೌಶಿಲಾ ಠೇಕಿ ತಂದು ನಡುವೆ ಇಟ್ಟಳು. ಮೊಸರು ಹೆಪ್ಪು ಹಾಕುವ ಮರದ ಗಡಿಗೆ. ಹೊಗೆಗೆ ಕಪ್ಪಾದ ಹೊಟ್ಟೆ, ಗೇಣಗಲದ ಬಾಯಿ. ಕೆಂಡಕ್ಕೆ ತೀತೆಪಾತಿ ಸೊಪ್ಪು ಬಿತ್ತು. ಕಹಿ ಹೊಗೆ ಎದ್ದಿತು. ಯಾರೂ ನಗುತ್ತಿರಲಿಲ್ಲ. ಇಷ್ಟು ಹೊತ್ತು ಹಾಡಿದ್ದು ಆಟ, ಇದು ಬೇರೆ ಎಂಬುದು ಕೂತ ರೀತಿಯಲ್ಲೇ ತಿಳಿಯುತ್ತಿತ್ತು.

ಮೊದಲು ಗೋರೆಯ ಹೆಂಡತಿ ಬಾಟುಲಿ. ಠೇಕಿಯನ್ನು ಮಗುವಿನಂತೆ ತಬ್ಬಿ, ಬಾಯೊಳಗೆ ಬಾಯಿಟ್ಟು ಪಿಸುಗುಟ್ಟಿದಳು. ಕೆಳಗಿನ ಪಿಸುಮಾತು ಅಟ್ಟಕ್ಕೆ ಕೇಳಿಸುವುದು ಸಾಧ್ಯವೇ ಇರಲಿಲ್ಲ. ಆದರೂ ಹಿಕ್ಮತನಿಗೆ ಕೇಳಿಸಿತು. ಕಿವಿಗಲ್ಲ. ಹಲ್ಲಿಗೆ.

'ಎರಡು ವರ್ಷಕ್ಕೊಮ್ಮೆ ಬರ್ತಾನೆ. ಬಂದವನು ಟೀವಿ ಪೆಟ್ಟಿಗೆ ಬಿಚ್ಚಿದ್ದು ನೋಡ್ಬೇಕು, ಒಂದೊಂದೇ ಟೇಪು, ಹರಿಯದ ಹಾಗೆ, ಉಗುರಲ್ಲಿ. ನನ್ನನ್ನೂ ಒಂದು ಸಲ ಹಾಗೆ ಬಿಚ್ಚಲಿ. ನನ್ನ ಸೀರೆ ಅವನು ಬಿಚ್ಚಿದ್ದೇ ಇಲ್ಲ. ಮೇಲೆ ಸರಿಸ್ತಾನೆ, ಅಷ್ಟೆ.'

ಹಿಕ್ಮತನ ನಾಲಿಗೆಯ ಮೇಲೆ ಸಾಸಿವೆ ಎಣ್ಣೆಯ ರುಚಿ ಬಂತು. ಉಗುಳಲು ನೋಡಿದ. ಉಗುಳು ಬರಲಿಲ್ಲ.

ಉಜೇಲಿ ಮೀಸೆ ಒರೆಸಿಕೊಂಡು ಬಾಗಿದಳು. 'ನಮ್ಮ ಕೋಣೇಲಿ ಹನ್ನೊಂದು ತೊಲೆ. ನಾನು ನಾಕನೇದು ಎಣಿಸೋದ್ರೊಳಗೆ ಅವರು ಗೋಡೆ ಕಡೆ ತಿರುಗಿರ್ತಾರೆ. ಹನ್ನೊಂದನೇ ತೊಲೆ ತನಕ ಹೋಗ್ಬೇಕು. ಒಂದೇ ಒಂದು ಸಲ.'

ಆಮೇಲೆ ದಿಲ್‌ಸರಾ. 'ಬಳೆಗಾರ ಕೈ ಹಿಡಿಯೋ ಹಾಗೆ ಯಾರೂ ನನ್ನ ಕೈ ಹಿಡಿದಿಲ್ಲ. ನೋಯತ್ತಾ, ಅಂತ ಕೇಳ್ತಾನೆ. ಅದಕ್ಕೇ ಬೇಕಂತ ಬಳೆ ಒಡ್ಕೋತೀನಿ.'

ಒಬ್ಬಳಾದ ಮೇಲೆ ಒಬ್ಬಳು. ಮಾತುಗಳು ಹಲಗೆಯ ಸಂದಿಯಿಂದ ಬೆಚ್ಚಗೆ, ಹಬೆಯ ಹಾಗೆ ಮೇಲೇರಿ ಬಂದವು. ಅವನು ಬಾಯಿ ಮುಚ್ಚಿದ. ಮೂಗಿನಿಂದ ಒಳಗೆ ಹೋದವು. ಮೂಗು ಹಿಡಿದ; ಬಾಯಿ ತಾನಾಗಿ ತೆರೆಯಿತು. ಹೊಟ್ಟೆ ಭಾರವಾಯಿತು. ಹೊಟ್ಟೆಯೊಳಗೆ ಯಾರೋ ಮಗ್ಗುಲು ಬದಲಿಸಿದರು.

ಅವನ ಅತ್ತೆಯ ಸರದಿ. ಕಿವಿ ಮುಚ್ಚಿಕೊಂಡ. ಫಲವಿಲ್ಲ. 'ಹಗಲಲ್ಲಿ. ನಾಕು ಮಕ್ಕಳಾದ್ವು, ಆ ಹೊತ್ತಲ್ಲಿ ಅವರ ಮುಖ ಹೇಗಿರತ್ತೆ ಅಂತ ನಾನು ನೋಡಿಲ್ಲ. ಅವರೂ ನನ್ನದು ನೋಡಿಲ್ಲ. ಒಂದು ಸಲ ಹಗಲಲ್ಲಿ.'

ಹದಿನಾರನೆಯವಳು ಕೌಶಿಲಾ. ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. 'ಬೇಡ ಅಂದಾಗ ಒಂದು ಸಲ ಕೇಳಿಸ್ಕೊಂಡಿದ್ರೆ, ಬೇಕು ಅಂತ ನಾನೇ ಬರ್ತಿದ್ದೆ. ಎಷ್ಟೋ ಸಲ ಬರ್ತಿದ್ದೆ.'

ಅದು ಅವನೊಳಗೆ ಕಲ್ಲಿನ ಹಾಗೆ ಬಿತ್ತು.

ಓಡಿ ಹೋಗಬೇಕಿತ್ತು. ಆದರೆ ಧನಸರಾ ಎದ್ದಿದ್ದಳು. ಭಯದ ಆ ಆಳದಲ್ಲೂ ಅವನು ಅಂಗೈ ಊರಿ ಸಂದಿಗೆ ಮುಖ ಒತ್ತಿದ. ಈಗ. ಹೆಸರು ಈಗ.

ಧನಸರಾ ಠೇಕಿ ಎತ್ತಿದಳು. ಎತ್ತಿದವಳು ಹಾಗೇ ನಿಂತಳು. ಅಲ್ಲಾಡಿಸಿದಳು.

"ದೊಡ್ಡಮ್ಮ," ಎಂದಳು. "ಇದು ಹಗುರ ಇದೆ."

ಕೌಶಿಲಾ ಠೇಕಿಯ ಬುಡಕ್ಕೆ ಕೈಯೊಡ್ಡಿ ನೋಡಿದಳು.

"ಹದಿನಾರು ಮಾತು ಬಿದ್ದಿದೆ. ಖಾಲಿ ಇದ್ದಷ್ಟೇ ಹಗುರ ಇದೆ."

ಕೆಂಡ ಸಿಡಿಯಿತು. ಹದಿನೇಳು ಮುಖಗಳು ನಿಧಾನವಾಗಿ ಮೇಲಕ್ಕೆ ತಿರುಗಿದವು. ಸಂದಿಯಲ್ಲಿ ಒಂದು ಕಣ್ಣು. ಅವನಿಗೆ ರೆಪ್ಪೆ ಮುಚ್ಚಲಾಗಲಿಲ್ಲ. ನಾನು, ಎನ್ನಲು ಹೋದ. ನಾನೇ, ಹಿಕ್ಮತ್, ಹೆದರಬೇಡಿ. ಬಾಯಿ ತೆರೆದ.

'ನೋಯತ್ತಾ, ಅಂತ ಕೇಳ್ತಾನೆ,' ಎಂದಿತು ಅವನ ಬಾಯಿ, ದಿಲ್‌ಸರಾಳ ದನಿಯಲ್ಲಿ.

ಕೆಳಗೆ ದಿಲ್‌ಸರಾ ಕಿರುಚಿದಳು.

ಅವನನ್ನು ಇಳಿಸಿದ್ದು ಹೇಗೆಂದು ಅವನಿಗೆ ನೆನಪಿಲ್ಲ. ಕಾಲು ಹಿಡಿದು ಎಳೆದರು. ಮೆಟ್ಟಿಲು ಮೆಟ್ಟಿಲಿಗೂ ತಲೆ ಬಡಿಯಿತು. ಒಲೆಯ ಮುಂದೆ ಅವನನ್ನು ಕೆಡವಿ ಸುತ್ತ ನಿಂತರು. ಹೊಡೆಯಲಿಲ್ಲ. ಅವರ ಮುಖದಲ್ಲಿ ಕೋಪಕ್ಕಿಂತ ಮುಂಚೆ ಬಂದದ್ದು ಹೆದರಿಕೆ. ಅವನಿಗಾಗಿ ಅಲ್ಲ.

"ಸಂಜೆಗೆ ಗಂಡಸರು ಬರ್ತಾರೆ," ಎಂದಳು ಬಾಟುಲಿ. "ನನ್ನ ದನೀಲೇ ಹೇಳ್ತಾನೆ ಇವನು. ಗೋರೆ ನನ್ನ ಸೀಳಿ ಹಾಕ್ತಾನೆ."

"ಮುಚ್ಚೋ ಉಪಾಯ ಇಲ್ವಾ ಅಕ್ಕ?" ಎಂದಳು ಹಿಕ್ಮತನ ಅತ್ತೆ.

"ಇದೆ," ಎಂದಳು ಕೌಶಿಲಾ. "ಠೇಕಿ ಯಾವಾಗ ಮೆತ್ತೋದು? ಕೊನೇವಳು ಹೇಳಿದ ಮೇಲೆ. ಈಗ ಠೇಕಿ ಇವನೇ. ಹದಿನೇಳನೇದು ಬಿದ್ರೆ ಬಾಯಿ ಮುಚ್ಚತ್ತೆ, ಒಳಗಿದ್ದದ್ದು ಒಳಗೇ ಕರಗತ್ತೆ. ಬೀಳದಿದ್ರೆ ತುಳುಕ್ತಾನೇ ಇರತ್ತೆ." ಅವಳು ಧನಸರಾಳ ಕಡೆ ತಿರುಗಿದಳು. "ನಿನ್ನದು ಬಾಕಿ ಇದೆ, ಮಗಳೇ. ಆದ್ರೆ ಮನಸಿಲ್ಲದೆ ಹಾಕಿದ್ದು ಬೀಳಲ್ಲ. ನಾನು ಬಲವಂತ ಮಾಡಲ್ಲ. ಬಲವಂತ ಸಾಕಷ್ಟಾಗಿದೆ ನಮಗೆ."

ಧನಸರಾ ಗಂಡನ ಎದುರು ಕೂತಳು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು.

"ಕೇಳೋಕೆ ಬಂದಿರಲ್ಲ ರೀ. ಕೇಳಿ. ನಿನಗೇನು ಬೇಕು ಅಂತ ಕೇಳಿ. ಅಷ್ಟು ಕೇಳಿದ್ರೆ ಸಾಕು, ಹೇಳ್ತೀನಿ. ಏಳು ವರ್ಷದಿಂದ ಆ ಎರಡು ಮಾತಿಗೆ ಕಾದಿದ್ದೀನಿ."

ಅವನು ಬಾಯಿ ತೆರೆದ. 'ಹನ್ನೊಂದನೇ ತೊಲೆ,' ಎಂದು ಉಜೇಲಿ ಅವನೊಳಗಿಂದ ಬೇಡಿಕೊಂಡಳು. ಅವನು ಎರಡೂ ಕೈಯಿಂದ ಬಾಯಿ ಅದುಮಿಕೊಂಡ.

"ಬಾಯಿ ಬೇಡ. ಬರೀರಿ."

ಧನಸರಾ ಒಲೆಯ ಮುಂದಿನ ಬೂದಿಯನ್ನು ಅಂಗೈಯಿಂದ ಸಮ ಮಾಡಿದಳು. ಹಲಗೆ ಒರೆಸಿ ಮಗುವಿನ ಮುಂದೆ ಇಡುವ ಹಾಗೆ. ಹದಿನಾರು ಹೆಂಗಸರು ಬಾಗಿ ನೋಡಿದರು. ಅವರ ಮೈಮೂಳೆ ಉಳಿಯುವುದು ಇವನ ತೋರುಬೆರಳಿನ ತುದಿಯಲ್ಲಿತ್ತು. ಅವನದೂ.

ಹಿಕ್ಮತ್ ಬೆರಳು ಇಳಿಸಿದ. ಬೂದಿ ಬೆಚ್ಚಗಿತ್ತು. ಅವನಿಗೆ ಗೊತ್ತಿತ್ತು ಏನು ಬರೆಯಬೇಕೆಂದು. ಈಗಷ್ಟೇ ಹೇಳಿಕೊಟ್ಟಿದ್ದಳು. ಆದರೆ ಎದೆಯಲ್ಲಿ ತಿಂಗಳುಗಟ್ಟಲೆ ಮಸೆದಿಟ್ಟ ಮಾತಿಗೆ ಬೆರಳಿನ ದಾರಿ ಮೊದಲೇ ಗೊತ್ತಿತ್ತು.

ಬರೆದ: ಯಾರು?

ಧನಸರಾ ಓದಿದಳು. ಓದಲು ಬಾರದ ಕೌಶಿಲಾ ಕೇಳಿದಳು, "ಏನು ಬರೆದ?"

"ಏನಿಲ್ಲ ದೊಡ್ಡಮ್ಮ. ದಿನಾ ಕೇಳೋದೇ."

ಅವಳು ಅಂಗೈಯಿಂದ ಬೂದಿ ಒರೆಸಿ ಎದ್ದಳು. ಸೆರಗಿಗೆ ಕೈ ಒರೆಸಿಕೊಂಡಳು. ಯಾರೂ ಅವಳನ್ನು ತಡೆಯಲಿಲ್ಲ. ದಿಲ್‌ಸರಾ ಗೋಡೆಗೆ ಒರಗಿ ಅಳತೊಡಗಿದಳು.

ಸೊಂಟಕ್ಕೆ ಸುತ್ತುವ ಬಟ್ಟೆಯಿಂದ ಅವನ ಬಾಯಿ ಬಿಗಿದು, ಕೈ ಕಟ್ಟಿ, ಕೊಟ್ಟಿಗೆಯಲ್ಲಿ ಕೂಡಿಹಾಕಿದರು. ಗಂಡಸರಿಗೆ ಏನಾದರೂ ಹೇಳೋಣ, ಹುಚ್ಚು ನಾಯಿ ಕಚ್ಚಿತು ಅನ್ನೋಣ, ನಾಳೆ ಇವನನ್ನು ಪೇಟೆಗೆ ಸಾಗಿಸೋಣ ಎಂದು ಕೌಶಿಲಾ ಲೆಕ್ಕ ಹಾಕಿದಳು. ಕೆಟ್ಟ ಲೆಕ್ಕವಲ್ಲ. ಕೊಟ್ಟಿಗೆಯ ಗೂಟಕ್ಕೆ ಉಜ್ಜಿ ಹಗ್ಗ ಹರಿದುಕೊಳ್ಳದಿದ್ದರೆ ಅವನು ಪಾರಾಗುತ್ತಿದ್ದ.

ಡೋಲಿನ ಸದ್ದು ಕೇಳಿದಾಗ ಅವನು ತಲೆ ಎತ್ತಿದ. ತನ್ನವರು ಬಂದರು. ಗಂಡಸರು. ತಾನು ಮೈಕು ಹಿಡಿದಾಗ ಮುಂದಿನ ಸಾಲಿನಲ್ಲಿ ಕೂತು ತಲೆದೂಗುವವರು. ಅವರಿಗೆ ಅರ್ಥವಾಗುತ್ತದೆ. ಅವನು ಹಗ್ಗ ಹರಿದ. ಬಾಯಿಯ ಬಟ್ಟೆ ಕಿತ್ತ. ಸಗಣಿಯಲ್ಲಿ ಜಾರಿ, ಎದ್ದು, ಓಡಿದ.

ಅಂಗಳದ ಮಂಜಿನೊಳಗೆ ದಿಬ್ಬಣ ಆಗಷ್ಟೇ ಕಾಲಿಟ್ಟಿತ್ತು. ಕೆಂಪು ಮುಸುಕಿನ ಮದುಮಗಳು ಹೊಸಿಲ ಹೊರಗೆ ನಿಂತಿದ್ದಳು. ಹಿಕ್ಮತ್ ಗಂಡಸರ ನಡುವೆ ನುಗ್ಗಿ ಮಾವನ ಕಾಲ ಬಳಿ ಬಿದ್ದ. ಹೆಂಗಸರು ನನಗೆ ಏನೋ ಮಾಡಿದ್ದಾರೆ ಎನ್ನಬೇಕಿತ್ತು.

'ನನ್ನನ್ನೂ ಒಂದು ಸಲ ಹಾಗೆ ಬಿಚ್ಚಲಿ,' ಎಂದಿತು ಬಾಯಿ. 'ನನ್ನ ಸೀರೆ ಅವನು ಬಿಚ್ಚಿದ್ದೇ ಇಲ್ಲ. ಮೇಲೆ ಸರಿಸ್ತಾನೆ, ಅಷ್ಟೆ.'

ಯಾರೋ ಕಿಸಕ್ಕನೆ ನಕ್ಕರು. "ಭಾವ ಕುಡಿದಿದ್ದಾರೆ!" "ಹೆಂಗಸಿನ ದನಿ ಎಷ್ಟು ಚೆನ್ನಾಗಿ ತೆಗೀತಾರೆ ನೋಡು!" ಗೋರೆ ನಗಲಿಲ್ಲ. ಅವನ ಹೊಸ ಕೋಟಿನೊಳಗಿನ ಕುತ್ತಿಗೆ ಕೆಂಪಾಯಿತು. 'ಟೀವಿ ಪೆಟ್ಟಿಗೆ ಬಿಚ್ಚಿದ್ದು ನೋಡ್ಬೇಕು,' ಎಂದಿತು ಬಾಯಿ, ಬಾಟುಲಿಯ ಸಣ್ಣ ಉಗ್ಗಿನ ಸಮೇತ. ಗೋರೆ ಬೂಟುಗಾಲಿನಿಂದ ಅದನ್ನೇ ಒದ್ದ.

"ಯಾವಳೋ ಸೂಳೆ ದನಿ ಕಲ್ತು ಬಂದಿದ್ದಾನೆ," ಎಂದ.

ಬಾಯಿ ನಿಲ್ಲಲಿಲ್ಲ. ರಕ್ತ ಬಂತು, ರಕ್ತದ ಜೊತೆಗೆ ಉಜೇಲಿ ಬಂದಳು. ತೊಲೆಗಳು ಬಂದವು. ಒಂದು, ಎರಡು, ಮೂರು, ನಾಕು. ವಾರ್ಡ್ ಅಧ್ಯಕ್ಷರು ಡೋಲಿನವನ ಕೈಯಿಂದ ಕೋಲು ಕಿತ್ತುಕೊಂಡರು. ಅವರು ಹಿಂದೆಂದೂ ಯಾರನ್ನೂ ಹೊಡೆದವರಲ್ಲ. ದಿಲ್‌ಸರಾಳ ಬಳೆಗಳು ಬಂದಾಗ ದಿಲ್‌ಸರಾಳ ಗಂಡ ಕಲ್ಲು ಎತ್ತಿಕೊಂಡ. ಒಬ್ಬೊಬ್ಬ ಹೆಂಡತಿಯ ದನಿಗೂ ಒಬ್ಬೊಬ್ಬ ಮುಂದೆ ಬಂದ. ಸರದಿ ತಪ್ಪಲಿಲ್ಲ. ಯಾವ ದನಿಗೆ ಯಾರು ಕೈ ಎತ್ತಿದರು ಎಂದು ನೋಡಿದ್ದರೆ ಸಾಕಿತ್ತು, ಊರಿನ ಮದುವೆಗಳ ಪಟ್ಟಿಯೇ ಸಿಗುತ್ತಿತ್ತು. ಆದರೂ ಒಬ್ಬನೂ ಇದು ನನ್ನ ಹೆಂಡತಿ ಎನ್ನಲಿಲ್ಲ. ಅಂದಿದ್ದರೆ, ಆ ದನಿ ಹೇಳಿದ್ದು ನಿಜವಾಗುತ್ತಿತ್ತು.

"ಬೊಕ್ಸಿ ಸೇರಿದೆ ಇವನಿಗೆ!" ಎಂದು ಯಾರೋ ಕೂಗಿದರು.

"ಸೇರೋದೇನು, ಇವನೇ ಬೊಕ್ಸಿ!"

"ಗಂಡಸು ಬೊಕ್ಸಿ ಆಗ್ತಾನಾ?"

"ಪೇಟೇಲಿ ಆಗ್ತಾರೆ!"

ಕೊಟ್ಟಿಗೆಯಿಂದ ಸಗಣಿ ತಂದರು. ಆಮೇಲೆ, ಪಾಯಿಖಾನೆಯ ಗುಂಡಿಯಿಂದ ಬೇರೆಯದನ್ನು. ಬಾಯಿ ಅಗಲಿಸಿ ತುಂಬಿದರು. ಎಲ್ಲಿ ತುಂಬಬೇಕು, ಹೇಗೆ ದವಡೆ ಹಿಡಿಯಬೇಕು, ಎಲ್ಲರಿಗೂ ಗೊತ್ತಿತ್ತು. ಅದನ್ನು ಯಾರೂ ಯಾರಿಗೂ ಕಲಿಸಬೇಕಾಗಲಿಲ್ಲ. ಅವನ ಉಸಿರು ಕಟ್ಟಿತು. ಕಾರಿದ. ಕಾರಿದ ಬಾಯಿಂದ ಅವನ ಅತ್ತೆಯ ಮೆಲ್ಲನೆಯ ದನಿ ಬಂತು. 'ಹಗಲಲ್ಲಿ. ಒಂದು ಸಲ.' ಮಾವ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಕಾಲಿನ ಜೋಡು ಕೈಗೆ ತೆಗೆದುಕೊಂಡ.

ಕೊನೆಗೆ ಬಂದದ್ದು ಕೌಶಿಲಾಳ ಮಾತು. 'ಬೇಡ ಅಂದಾಗ ಒಂದು ಸಲ ಕೇಳಿಸ್ಕೊಂಡಿದ್ರೆ.'

ಹೊಡೆಯಲು ಯಾರೂ ಮುಂದೆ ಬರಲಿಲ್ಲ. ಬುಟ್ಟಿಯಲ್ಲಿ ಕೂತಿದ್ದ ಅವಳ ಗಂಡ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದ. "ಇದು ನಮ್ಮ ಮನೆಯವಳ ದನಿ," ಎಂದ ಮುದುಕ. "ಐವತ್ತೆರಡು ವರ್ಷ ಆಯ್ತು. ಇದು ಅವಳದೇ."

"ನಿಮಗೆ ಕಿವಿ ಕೇಳ್ಸಲ್ಲ ದೊಡ್ಡಪ್ಪ, ಸುಮ್ನಿರಿ," ಎಂದ ಗೋರೆ.

"ಹೌದಪ್ಪ," ಎಂದ ಮುದುಕ. "ಕೇಳ್ಸಿರ್ಲಿಲ್ಲ."

ಮುಖವನ್ನು ಬುಟ್ಟಿಯ ಅಂಚಿಗೆ ಒತ್ತಿಕೊಂಡ. ಗೋಡೆಯ ಬಳಿ ಸಾಲಾಗಿ ನಿಂತಿದ್ದ ಹೆಂಗಸರಲ್ಲಿ ಕೌಶಿಲಾ ಅವನ ಕಡೆ ನೋಡಲಿಲ್ಲ. ತಡವಾಗಿ ಬಂದ ನೆಂಟರನ್ನು ನೋಡದವಳ ಹಾಗೆ ಮಂಜನ್ನು ನೋಡಿದಳು.

ಮಾವ ಏದುಸಿರು ಬಿಡುತ್ತ ಮಗಳ ಮುಂದೆ ಬಂದು ನಿಂತ. ಜೋಡು ಇನ್ನೂ ಕೈಯಲ್ಲಿತ್ತು. ಇಡೀ ಅಂಗಳ ಅವಳ ಬಾಯಿಯನ್ನೇ ನೋಡಿತು.

"ನಿನ್ನ ಗಂಡ. ನೀನೇ ಹೇಳು. ಈ ಹೊಲಸಲ್ಲಿ ನಿನ್ನದೂ ಏನಾದ್ರೂ ಇದೆಯಾ?"

ನೆಲದ ಮೇಲಿದ್ದವನು ತಲೆ ಎತ್ತಿದ. ಒಂದು ಕಣ್ಣು ಮುಚ್ಚಿಹೋಗಿತ್ತು. ಇನ್ನೊಂದರಿಂದ ಹೆಂಡತಿಯನ್ನು ಬೇಡಿಕೊಂಡ. ಈಗಲೂ ಅವಳು ಬಾಗಿ ಅವನ ಕಿವಿಯಲ್ಲಿ ಒಂದು ಮಾತು ಹಾಕಬಹುದಿತ್ತು. ಹಾಕಿದ್ದರೆ ಬಾಯಿ ಮುಚ್ಚುತ್ತಿತ್ತು.

"ಇಲ್ಲ ಅಪ್ಪ," ಎಂದಳು ಧನಸರಾ. "ನನ್ನದು ಅದರಲ್ಲಿ ಒಂದೂ ಇಲ್ಲ."

ಗಂಡಸರು ಉಸಿರು ಬಿಟ್ಟರು. "ನೋಡಿ," ಎಂದರು ವಾರ್ಡ್ ಅಧ್ಯಕ್ಷರು, ಕೋಲನ್ನು ಡೋಲಿನವನಿಗೆ ಹಿಂದಿರುಗಿಸುತ್ತ. "ಇಂಥವನಿಗೆ ಎಂಥಾ ಮರ್ಯಾದಸ್ಥ ಹೆಂಡತಿ."

ಮುಸುಕಿನೊಳಗಿನ ಮದುಮಗಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಗಂಡನ ಊರಿನ ಬಗ್ಗೆ ಯಾವ ಮದುಮಗಳಿಗೂ ಮೊದಲ ದಿನವೇ ಇಷ್ಟು ತಿಳಿದದ್ದಿಲ್ಲ. ಧನಸರಾ ಹೋಗಿ ಅವಳ ಕೈ ಹಿಡಿದು ಒಳಗೆ ಕರೆದುಕೊಂಡಳು.

ಮರುದಿನ ಬಾಟುಲಿಯ ಕಣ್ಣಿನ ಕೆಳಗೆ ನೀಲಿಗಟ್ಟಿತ್ತು. ಬಾಗಿಲು ತಾಗಿತು ಎಂದಳು. ದಿಲ್‌ಸರಾಳ ಕೈಯಲ್ಲಿ ಬಳೆ ಇರಲಿಲ್ಲ, ಮಣಿಕಟ್ಟು ಬಾತಿತ್ತು. ಜಾರಿ ಬಿದ್ದೆ ಎಂದಳು. ಆ ಬೆಳಿಗ್ಗೆ ಊರಿನಲ್ಲಿ ಒಂಬತ್ತು ಜನ ಜಾರಿ ಬಿದ್ದಿದ್ದರು, ಎಲ್ಲರೂ ಹೆಂಗಸರು.

ಹಿಕ್ಮತನ ಮುರಿದ ದವಡೆಗೆ ಬಟ್ಟೆ ಕಟ್ಟಿ, ಬುಟ್ಟಿಯಲ್ಲಿ ಕೂರಿಸಿ, ರಸ್ತೆಯಿರುವ ಕಡೆಗೆ ಹೊತ್ತುಕೊಂಡು ಹೋದರು. ನೀನು ಹೋಗಲ್ಲವೇ ಎಂದು ಯಾರೋ ಕೇಳಿದ್ದಕ್ಕೆ ಧನಸರಾ, ತುಂಬಾ ಚಳಿ, ಎಂದಳು.

ಬಟ್ಟೆಯೊಳಗೆ ಬಾಯಿ ಇನ್ನೂ ಆಡುತ್ತಿತ್ತು. ಹೊರುವವನಿಗೆ ಬೆನ್ನ ಹಿಂದೆ ಜೇನುಗೂಡು ಇಟ್ಟುಕೊಂಡ ಹಾಗೆ ಕೇಳುತ್ತಿತ್ತು. ಬಾಟುಲಿ, ಉಜೇಲಿ, ದಿಲ್‌ಸರಾ, ಒಬ್ಬಳಾದ ಮೇಲೆ ಒಬ್ಬಳು, ಅದೇ ಕ್ರಮದಲ್ಲಿ, ಕೌಶಿಲಾಳವರೆಗೆ. ಹದಿನಾರು. ಆಮೇಲೆ ಒಂದು ಉಸಿರಿನಷ್ಟು ಮೌನ. ಅದು ಧನಸರಾಳ ಜಾಗ. ಪ್ರತಿ ಸುತ್ತಿನಲ್ಲೂ ಆ ಜಾಗ ಬಂದಾಗ ಹಿಕ್ಮತ್ ಮೈಯೆಲ್ಲ ಕಿವಿಯಾಗಿ, ಉಸಿರು ಬಿಗಿಹಿಡಿದು ಕಾಯುತ್ತಾನೆ. ಏನೂ ಬರುವುದಿಲ್ಲ. ಆಮೇಲೆ ಮತ್ತೆ, ಮೊದಲಿನಿಂದ, ಬಾಟುಲಿ.